ಒಂದು ದೋಣಿ, ಇಬ್ಬರು ಟೀಚರುಗಳು

ಸೋಮವಾರ ಶಾಲೆಗೆ ಹೋದರೆ ಮಕ್ಕಳು ನಮ್ಮನ್ನು ಕೇಳುವ ಪ್ರಶ್ನೆ ಒಂದೇ. "ನಿಮ್ಮ ದೋಣಿ ಲೀಟರಿಗೆ ಎಷ್ಟು ಓಡ್ತದೆ?" ಅದಕ್ಕೆ ಎಂಜಿನ್ನೇ ಇಲ್ಲ, ಗಾಳಿಯಲ್ಲಿ ಓಡುವುದು ಅಂದರೆ ನಂಬುವುದಿಲ್ಲ. ದುಡ್ಡು ಖರ್ಚು ಮಾಡಿ ಎಂಜಿನ್ ಇಲ್ಲದ ದೋಣಿಯನ್ನು ಯಾರಾದರೂ ಕಟ್ಟುತ್ತಾರಾ! ಮಕ್ಕಳ ಮಾತು ಬಿಡಿ, ನಮ್ಮ ನೆಂಟರಿಷ್ಟರಿಗೂ ಇದೇ ಅನುಮಾನ. ಆ ದುಡ್ಡಿಗೆ ಒಂದು ಒಳ್ಳೆಯ ದನ ಬರುತ್ತಿತ್ತು ಅಂತ ಅಜ್ಜಿ ಈಗಲೂ ಹೇಳುವುದುಂಟು.

ನಾವಿಬ್ಬರೂ, ಅಂದರೆ ಗಂಡ ಹೆಂಡತಿ, ಕಾಸರಗೋಡು ಜಿಲ್ಲೆಯ ಕನ್ನಡ ಮಾಧ್ಯಮದಲ್ಲಿ ಪಾಠ ಹೇಳುವವರು. ಒಬ್ಬರದು ಕನ್ನಡ, ಇನ್ನೊಬ್ಬರದು ಗಣಿತ. ಮನೆ ಕುಂಬಳೆಯಿಂದ ಸ್ವಲ್ಪ ಬಡಗಿಗೆ, ಶಿರಿಯ ಹೊಳೆಯ ಹಿನ್ನೀರಿನ ಬದಿಯಲ್ಲಿ. ಹೊಳೆ ಸಮುದ್ರದ ಹತ್ತಿರ ಬಂದು, ನೇರ ಒಳಗೆ ನುಗ್ಗದೆ, ಮರಳದಿಬ್ಬದ ಹಿಂದೆ ನಿಧಾನವಾಗಿ ಹರಡಿಕೊಂಡು ಆಮೇಲೆ ಅಳಿವೆಗೆ ಹೋಗುತ್ತದೆ. ದಿಬ್ಬದ ಆಚೆ ಅರಬ್ಬೀ ಸಮುದ್ರದ ತೆರೆ, ಈಚೆ ಹಾಸಿಗೆ ಹಾಸಿದ ಹಾಗೆ ನೀರು. ಸಣ್ಣ ದೋಣಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆಂದರೂ ಸಿಗಲಿಕ್ಕಿಲ್ಲ.

ಅಜ್ಜ, ಅಂದರೆ ನಮ್ಮ ಮಕ್ಕಳ ಅಜ್ಜ, ಹಿಂದೆ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು. ಬಿದಿರಿನ ಗಳು ಊರಿ ಊರಿ ಮದುಮಕ್ಕಳನ್ನು, ಹೆರಿಗೆಗೆ ಹೋಗುವವರನ್ನು, ಶಾಲೆ ಮಕ್ಕಳನ್ನು ದಾಟಿಸಿದ್ದಾರೆ. ಸೇತುವೆ ಬಂತು, ಕಡವು ಹೋಯಿತು, ದೋಣಿ ಗೆದ್ದಲು ಹಿಡಿದು ಒಲೆಗೆ ಹೋಯಿತು. ಆಮೇಲೆ ಅವರು ಹೊಳೆಯ ಕಡೆ ಹೆಚ್ಚು ಹೋದವರಲ್ಲ. ನಾವು ದೋಣಿ ಮಾಡುತ್ತೇವೆ ಅಂದಾಗ ಅವರು ಕೇಳಿದ್ದು ಇಷ್ಟೇ. "ದಾಟುವುದು ಎಲ್ಲಿಗೆ?"

ಉತ್ತರ ನಮ್ಮ ಹತ್ತಿರ ಇರಲಿಲ್ಲ. ಎಲ್ಲಿಗೂ ದಾಟಲಿಕ್ಕಿಲ್ಲ, ಸುಮ್ಮನೆ ಹೋಗಿ ಬರುವುದು ಅಂತ ಹೇಳಲಿಕ್ಕೆ ನಾಚಿಕೆಯಾಯಿತು.

ಹೊಲಿದ ದೋಣಿ

ಕಟ್ಟಿದ್ದು 2018ರ ಬೇಸಗೆ ರಜೆಯಲ್ಲಿ. 1962ರ ಹೊತ್ತಿಗೆ ಇಂಗ್ಲೆಂಡಿನಲ್ಲಿ ಜಾಕ್ ಹೋಲ್ಟ್ ಮತ್ತು ಬ್ಯಾರಿ ಬಕ್ನೆಲ್ ಎಂಬ ಇಬ್ಬರು ಸಾಮಾನ್ಯ ಜನರೂ ಮನೆಯಲ್ಲೇ ಕಟ್ಟಿಕೊಳ್ಳಬಹುದಾದ ಒಂದು ಪುಟ್ಟ ಹಾಯಿದೋಣಿ ಮಾಡಿದರು. ಮಿರರ್ ಅಂತ ಅದರ ಹೆಸರು, ಅಲ್ಲಿನ ಪತ್ರಿಕೆಯೊಂದರ ಹೆಸರೇ ಅದಕ್ಕೂ. ಉದ್ದ ಹನ್ನೊಂದು ಅಡಿಗೆ ಎರಡಿಂಚು ಕಮ್ಮಿ. ಪ್ಲೈವುಡ್ಡಿನ ಹಲಗೆಗಳನ್ನು ಕತ್ತರಿಸಿ, ಅಂಚಿಗೆ ತೂತು ಕೊರೆದು, ತಾಮ್ರದ ತಂತಿಯಿಂದ ಒಂದಕ್ಕೊಂದು ಹೊಲಿಯುವುದು. ಆಮೇಲೆ ಸೇರಿದಲ್ಲೆಲ್ಲ ಗಾಜುನಾರಿನ ಪಟ್ಟಿ ಇಟ್ಟು ಅಂಟು ಬಳಿಯುವುದು. ಪಕ್ಕೆಲುಬು, ಮೊಳೆ ಎಂಬ ದೊಡ್ಡ ಬಡಗಿ ಕೆಲಸ ಕಮ್ಮಿ. ನಾವು ಹಿಡಿದದ್ದು ಅದೇ ಪದ್ಧತಿ. ಅಳತೆ ಗಣಿತದವರದ್ದು, ಹೊಲಿಗೆ ಕನ್ನಡದವರದ್ದು, ಮಣ್ಣು ಮಸಿ ಇಬ್ಬರದ್ದೂ. ಖರ್ಚು ಸುಮಾರು 38,000 ರೂಪಾಯಿ. ಎರಡು ವರ್ಷದ ಓಣಂ ಬೋನಸ್ಸು ಅದರಲ್ಲಿ ಕರಗಿತು.

ತಂತಿಯಲ್ಲಿ ಹೊಲಿಯುವುದನ್ನು ಅಜ್ಜ ಜಗಲಿಯಲ್ಲಿ ಕೂತು ನೋಡುತ್ತಿದ್ದರು. ಮೂರನೆಯ ದಿನ ಎದ್ದು ಬಂದು ಹೇಳಿದರು, "ಇದೆಂತ ಹೊಸತು? ನಮ್ಮ ಕಡೆಯ ಹಳೆ ದೋಣಿಯೆಲ್ಲ ಹೊಲಿದದ್ದೇ. ತಂತಿಯಲ್ಲ, ತೆಂಗಿನ ನಾರಿನ ಹುರಿ." ಅವರ ಮಾತು ಸರಿಯೇ. ಮಲಬಾರಿನಲ್ಲಿ ಹಲಗೆಗಳನ್ನು ಹುರಿಯಿಂದ ಬಿಗಿದು ದೋಣಿ, ಹಡಗು ಮಾಡುವ ಕ್ರಮ ಶತಮಾನಗಳಿಂದ ಇತ್ತು. ಕೆಟ್ಟುವಳ್ಳಂ ಎಂಬ ಮಲಯಾಳ ಹೆಸರಿನ ಅರ್ಥವೇ ಕಟ್ಟಿದ ದೋಣಿ ಅಂತ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ಕೌಂಡಿನ್ಯ ಎಂಬ ಹಾಯಿಹಡಗನ್ನು ಕೇರಳದ ಕುಶಲಕರ್ಮಿಗಳು ತೆಂಗಿನ ನಾರಿನ ಹುರಿಯಿಂದಲೇ ಹೊಲಿದದ್ದು. ಅಜಂತಾದ ಒಂದು ಚಿತ್ರದಲ್ಲಿರುವ ಹಡಗು ಅದಕ್ಕೆ ಮಾದರಿ. ಆ ಸುದ್ದಿ ಬಂದ ದಿನ ಅಜ್ಜ ಪೇಪರನ್ನು ನಮ್ಮ ಎದುರು ಹಿಡಿದು, ಮಾತಾಡದೆ, ಎರಡು ಸಲ ತಟ್ಟಿದರು.

ದೋಣಿಗೆ ಬೆಳ್ಳಕ್ಕಿ ಅಂತ ಹೆಸರಿಟ್ಟದ್ದು ಮಗಳು. ಆಗ ಅವಳಿಗೆ ಆರು ವರ್ಷ. ಹಾಯಿ ಹೊಲಿಯಲು ಸರಿಯಾದ ಬಟ್ಟೆ ಸಿಗದೆ ಮಳೆಗಾಲದ ನೀಲಿ ಟಾರ್ಪಾಲು ಕಟ್ಟಿದೆವು. ಹಾಗಾಗಿ ಮೊದಲ ಎರಡು ವರ್ಷ ನಮ್ಮ ಬೆಳ್ಳಕ್ಕಿಗೆ ನೀಲಿ ರೆಕ್ಕೆ!

ಗಾಳಿಯ ಟೈಂಟೇಬಲ್

ನಮ್ಮ ಕರಾವಳಿಯ ಗಾಳಿಗೆ ಶಾಲೆಯ ಹಾಗೆ ಟೈಂಟೇಬಲ್ ಉಂಟು. ಬೇಸಗೆಯಲ್ಲಿ ಬೆಳಗ್ಗೆ ಮೂಡಣದಿಂದ, ನೆಲದ ಕಡೆಯಿಂದ, ತಣ್ಣಗೆ ಸಣ್ಣ ಗಾಳಿ. ಬಿಸಿಲು ಏರಿದ ಮೇಲೆ ನೆಲ ನೀರಿಗಿಂತ ಬೇಗ ಕಾಯುತ್ತದೆ, ಅದರ ಮೇಲಿನ ಗಾಳಿ ಹಗುರವಾಗಿ ಏರುತ್ತದೆ, ಆ ಖಾಲಿಗೆ ಸಮುದ್ರದಿಂದ ಗಾಳಿ ಬರುತ್ತದೆ. ಮಧ್ಯಾಹ್ನಕ್ಕೆ ಪಡುವಣದಿಂದ ಶುರುವಾದದ್ದು ಹೊತ್ತು ಇಳಿಯುವಾಗ ವಾಯವ್ಯಕ್ಕೆ ತಿರುಗುತ್ತದೆ. ಡಿಸೆಂಬರಿನಿಂದ ಮೇ ಮೊದಲ ವಾರದವರೆಗೆ ನಮ್ಮ ಕಾಲ. ಜೂನಿನಿಂದ ಬೆಳ್ಳಕ್ಕಿ ಕೊಟ್ಟಿಗೆಯಲ್ಲಿ ಬೋರಲು ಮಲಗುತ್ತದೆ, ಅದರಡಿಯಲ್ಲಿ ಕೋಳಿ ಮೊಟ್ಟೆಯಿಡುತ್ತದೆ.

ಗಾಳಿ ಬೆನ್ನಿಗಿದ್ದರೆ ದೋಣಿ ಹೋಗುವುದು ಯಾರಿಗೂ ಅರ್ಥವಾಗುತ್ತದೆ. ಗಾಳಿ ಎದುರಿಗಿದ್ದರೆ? ನೇರ ಹೋಗಲಿಕ್ಕೆ ಆಗುವುದಿಲ್ಲ. ಆದರೆ ಗಾಳಿಗೆ ಸುಮಾರು 45 ಡಿಗ್ರಿ ಓರೆಯಾಗಿ, ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಹೋಗುತ್ತ ಹೋಗುತ್ತ ಗಾಳಿ ಬಂದ ದಿಕ್ಕಿಗೇ ಸೇರಬಹುದು. ದೋಣಿಯ ನಡುವಿನಿಂದ ನೀರಿಗಿಳಿಸಿದ ಒಂದು ಹಲಗೆ ಅದು ಪಕ್ಕಕ್ಕೆ ಜಾರದ ಹಾಗೆ ಹಿಡಿದುಕೊಳ್ಳುತ್ತದೆ. ಗುಡ್ಡ ಹತ್ತುವ ದಾರಿ ಸುತ್ತಿ ಸುತ್ತಿ ಹೋದ ಹಾಗೆ ಅಂತ ಕ್ಲಾಸಿನಲ್ಲಿ ಹೇಳುತ್ತೇವೆ.

ಇನ್ನು ಶಬ್ದಗಳ ಕಥೆ. ಕನ್ನಡ ಟೀಚರ ಮನೆಯಲ್ಲವೇ? ದೋಣಿಯ ಭಾಗಗಳಿಗೆಲ್ಲ ಕನ್ನಡದ ಹೆಸರು ಬರೆದ ಚೀಟಿ ಅಂಟಿಸಿದೆವು. ಹಾಯಿ ಕಟ್ಟುವ ಕಂಬಕ್ಕೆ ನಿಘಂಟು ಹುಡುಕಿ 'ಕೂವೆಮರ' ಅಂತ ಬರೆದೆವು. ಮಕ್ಕಳು ಒಂದು ದಿನವೂ ಹಾಗೆ ಕರೆಯಲಿಲ್ಲ, ಅವರಿಗೆ ಅದು ಕಂಬ. ಚುಕ್ಕಾಣಿ ಎಂಬ ಶಬ್ದ ಮಾತ್ರ ನಮ್ಮ ಶಾಲೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಎಲ್ಲಿ ಕೇಳಿದ್ದು ಅಂತ ವಿಚಾರಿಸಿದರೆ ಪೇಪರಿನಲ್ಲಿ ಬರುವ 'ಆಡಳಿತದ ಚುಕ್ಕಾಣಿ'! ನಿಜವಾದ ಚುಕ್ಕಾಣಿಯನ್ನು ಮುಟ್ಟಿದ ದಿನ ಏಳನೆಯ ಕ್ಲಾಸಿನ ಹುಡುಗನೊಬ್ಬ "ಇಷ್ಟೇಯಾ?" ಅಂತ ಬೇಜಾರು ಮಾಡಿಕೊಂಡ.

ಎಳಿ, ಬಿಡು

ಈಗ ಹೇಳಲೇಬೇಕಾದ ವಿಷಯಕ್ಕೆ ಬರುತ್ತೇವೆ. ಹೇಳಿಕೊಳ್ಳಲು ಸಂತೋಷದ್ದಲ್ಲ.

ಬೆಳ್ಳಕ್ಕಿಯಲ್ಲಿ ಇಬ್ಬರು ದೊಡ್ಡವರು, ಅಥವಾ ಒಬ್ಬರು ದೊಡ್ಡವರು ಇಬ್ಬರು ಮಕ್ಕಳು ಸುಖವಾಗಿ ಕೂರಬಹುದು. 2023ರ ಜನವರಿಯ ಒಂದು ಶನಿವಾರ ನಾವಿಬ್ಬರೂ ಮಗಳೂ ಮೂವರು ಕೂತಿದ್ದೆವು. ಮಗ ದಡದಲ್ಲಿ ಅಜ್ಜನ ಹತ್ತಿರ. ಮಗಳಿಗೆ ಹನ್ನೊಂದು. ಆ ದಿನ ಅವಳಿಗೆ ಚುಕ್ಕಾಣಿಯನ್ನೂ ಹಾಯಿಯ ಹಗ್ಗವನ್ನೂ ಕೊಟ್ಟು 'ಕಲಿಸುವುದು' ಅಂತ ನಿಶ್ಚಯ ಮಾಡಿದ್ದೆವು. ಅವಳು ಕೇಳಿರಲಿಲ್ಲ. ಅವಳಿಗೆ ಮುಂದೆ ಕೂತು ನೀರಿಗೆ ಕೈ ಬಿಟ್ಟು ಹೋಗುವುದೇ ಇಷ್ಟವಾಗಿತ್ತು. ಆದರೆ ನಾವು ಟೀಚರುಗಳಲ್ಲವೇ? ಮಗು ಸುಮ್ಮನೆ ಸಂತೋಷವಾಗಿದ್ದರೆ ಪಾಠ ಮುಂದೆ ಹೋಗುವುದಿಲ್ಲ ಅಂತ ಕಾಣುತ್ತದೆ ನಮಗೆ.

ತೆಂಗಿನ ತೋಟದ ಮರೆಯಲ್ಲಿ ಗಾಳಿ ಸತ್ತ ಹಾಗೆ ಇತ್ತು. ತೋಟ ಮುಗಿದು ತೆರೆದ ಜಾಗ ಬಂದದ್ದೇ ಒಂದು ಬೀಸು ಬಂತು. ದೋಣಿ ವಾಲಿತು. ಇಂಥ ಹೊತ್ತಿನಲ್ಲಿ ಮಾಡಬೇಕಾದದ್ದು ಒಂದೇ, ಕೈಯಲ್ಲಿರುವ ಹಗ್ಗ ಬಿಡುವುದು. ಬಿಟ್ಟರೆ ಹಾಯಿ ಗಾಳಿ ಚೆಲ್ಲುತ್ತದೆ, ದೋಣಿ ತಾನೇ ನೆಟ್ಟಗಾಗುತ್ತದೆ. ನಮ್ಮಲ್ಲಿ ಒಬ್ಬರು "ಬಿಡು" ಅಂತ ಕೂಗಿದರು. ಇನ್ನೊಬ್ಬರು ಚುಕ್ಕಾಣಿಯ ಕೋಲನ್ನು ನೆನೆಸಿ "ಎಳಿ, ಎಳಿ" ಅಂತ ಕೂಗಿದರು. ಮಗು ಎರಡನ್ನೂ ಕೇಳಿತು. ಕೇಳುವ ಮಗು ಅದು. ಚುಕ್ಕಾಣಿ ಬಿಟ್ಟು ಹಗ್ಗ ಎಳೆದಳು.

ದೋಣಿ ಮಗುಚಿತು.

ನಾವಿಬ್ಬರೂ ಒಂದು ಬದಿಗೆ ಬಿದ್ದೆವು. ನೀರು ಎದೆಮಟ್ಟ, ಕೆಳಗೆ ಕೆಸರು. ತಲೆಯೆತ್ತಿ ನೋಡಿದರೆ ಮಗಳು ಕಾಣುವುದಿಲ್ಲ. ಜೀವರಕ್ಷಕ ಜಾಕೆಟ್ ಹಾಕಿದ್ದಳು, ಅದು ಅವಳನ್ನು ಮೇಲಕ್ಕೆ ತಂದಿತ್ತು. ಆದರೆ ಮೇಲೆ ಇದ್ದದ್ದು ನೀರಿನ ಮೇಲೆ ಹರಡಿಕೊಂಡ ಹಾಯಿ. ಹಾಗೆ ಸಿಕ್ಕಿಕೊಂಡರೆ ಹೆದರದೆ ಕೈಯೆತ್ತಿ ಬಟ್ಟೆಯನ್ನು ತಳ್ಳಬೇಕು, ತಳ್ಳಿದಲ್ಲಿ ಸ್ವಲ್ಪ ಗಾಳಿ ಸೇರಿಕೊಳ್ಳುತ್ತದೆ. ಮತ್ತೆ ಒಂದೇ ದಿಕ್ಕಿಗೆ ಕೈ ಸವರುತ್ತ ಅಂಚಿಗೆ ಬರಬೇಕು. ಇದನ್ನು ನಾವು ಓದಿದ್ದೆವು. ಅವಳಿಗೆ ಹೇಳಿಕೊಟ್ಟಿರಲಿಲ್ಲ. ಗಾಳಿಗೆ 45 ಡಿಗ್ರಿ ಓರೆ ಅಂತ ಹೇಳಿಕೊಟ್ಟಿದ್ದೆವು.

ಎಷ್ಟು ಹೊತ್ತು ಅಂತ ಯಾರು ಎಣಿಸಿದ್ದಾರೆ? ಎಂಟು ಹತ್ತು ಸೆಕೆಂಡು ಇರಬಹುದು. ಬಟ್ಟೆಯ ಕೆಳಗೆ ಒಂದು ಕೈ ಆಡಿದ್ದು ಕಂಡಿತು, ಎಳೆದು ತೆಗೆದೆವು. ಅಷ್ಟರಲ್ಲಿ ಇಳಿತದ ನೀರು ದೋಣಿಯನ್ನು ಅಳಿವೆಯ ಕಡೆ ಒಯ್ಯಲು ತೊಡಗಿತ್ತು. ಮರುವಾಯಿ ಹೆಕ್ಕುತ್ತಿದ್ದ ಇಬ್ಬರು ತಮ್ಮ ದೋಣಿ ತಂದು ಮೂವರನ್ನೂ ಎತ್ತಿ ಹಾಕಿಕೊಂಡರು, ಬೆಳ್ಳಕ್ಕಿಗೂ ಹಗ್ಗ ಕಟ್ಟಿದರು. ಮಲಯಾಳದಲ್ಲಿ ಚೆನ್ನಾಗಿ ಬೈದರು. ಬೈಸಿಕೊಳ್ಳಬೇಕಾದದ್ದೇ.

ದಡದಲ್ಲಿ ಅಜ್ಜ ಸೊಂಟದವರೆಗೆ ನೀರಿಗೆ ಇಳಿದು ನಿಂತಿದ್ದರು. ಮಗನ ಕೈಯನ್ನು ಹಿಂದಿನಿಂದ ಗಟ್ಟಿ ಹಿಡಿದುಕೊಂಡಿದ್ದರು. ಆ ವಯಸ್ಸಿನಲ್ಲಿ ಈಜಲು ಹೊರಟಿದ್ದವರು. ನಮಗೆ ಏನೂ ಹೇಳಲಿಲ್ಲ. ಮಗಳ ತಲೆ ಒರಸಿ ಮನೆಗೆ ಕರೆದುಕೊಂಡು ಹೋದರು.

ಮಾತಾಡದ ಹದಿನೈದು ತಿಂಗಳು

ಆ ಮೇಲೆ ಮಗಳು ದೋಣಿಯ ಕಡೆಗೆ ಬರಲಿಲ್ಲ. ಅತ್ತದ್ದಿಲ್ಲ, ಹಟ ಮಾಡಿದ್ದಿಲ್ಲ. ಶನಿವಾರ ಬಂದರೆ ಅವಳಿಗೆ ಹೋಂವರ್ಕ್ ಇರುತ್ತಿತ್ತು, ಅಷ್ಟೇ. ನಾವು ಸುಮ್ಮನಿದ್ದೆವಾ? ಇಲ್ಲ. ಧೈರ್ಯದ ಮೇಲೆ ಭಾಷಣ ಮಾಡಿದೆವು. ಸೈಕಲಿನಿಂದ ಬಿದ್ದವರು ಮತ್ತೆ ಸೈಕಲ್ ಹತ್ತಬೇಕು ಎಂಬ ದೃಷ್ಟಾಂತ ಕೊಟ್ಟೆವು. ಅವಳು ತಲೆಯಾಡಿಸಿ ಎದ್ದು ಹೋಗುತ್ತಿದ್ದಳು. ಕ್ಲಾಸಿನಲ್ಲಿ ಎಷ್ಟೋ ಮಕ್ಕಳು ಹೀಗೆ ತಲೆಯಾಡಿಸಿದ್ದನ್ನು ಕಂಡು 'ಅರ್ಥವಾಯಿತು' ಅಂತ ನಾವು ಮುಂದಿನ ಪಾಠಕ್ಕೆ ಹೋಗಿದ್ದೇವೋ ಏನೋ.

ಅದೇ ವರ್ಷ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಮಂದಿ ತೀರಿಕೊಂಡರು. ಅದರಲ್ಲಿ ಮಕ್ಕಳೇ ಎಷ್ಟೋ. ಹಿಡಿಸುವುದಕ್ಕಿಂತ ಹೆಚ್ಚು ಜನ ಹತ್ತಿದ್ದರು. ಟಿವಿಯ ಎದುರು ಕೂತಿದ್ದ ಅಜ್ಜಿ ನಮ್ಮ ಕಡೆ ತಿರುಗಿ, "ಆ ದೋಣಿ ಮಾರಿ" ಅಂದರು. ಮೂವರು ಕೂತಿದ್ದ ನಮ್ಮ ದೋಣಿ ನಮಗೆ ನೆನಪಾಯಿತು. ಉತ್ತರ ಕೊಡಲಿಲ್ಲ. ಮಾರುವುದಕ್ಕೆ ಒಬ್ಬರ ಹತ್ತಿರ ಮಾತಾಡಿದ್ದೂ ಉಂಟು. ರೇಟು ಕುದುರಲಿಲ್ಲ, ಅಥವಾ ನಮಗೆ ಕುದುರಿಸಲು ಮನಸ್ಸಿರಲಿಲ್ಲ.

ತಡೆದದ್ದು ಅಜ್ಜ. ಡಿಸೆಂಬರಿನಲ್ಲಿ ಒಂದು ದಿನ ಮುಂಡು ಎತ್ತಿ ಕಟ್ಟಿ, "ನನ್ನನ್ನು ಒಮ್ಮೆ ಕೂರಿಸಿ" ಅಂದರು. ಐದು ವರ್ಷದಲ್ಲಿ ಮೊದಲ ಬಾರಿ. ನಮ್ಮಲ್ಲಿ ಒಬ್ಬರು ಅವರನ್ನು ಕರೆದುಕೊಂಡು ಹೋದರು. ಹೋದ ಅರ್ಧ ಗಂಟೆ ಅವರು ಮಾತಾಡಲಿಲ್ಲ. ಹಳೆಯ ಕಡವು ಇದ್ದ ಜಾಗದ ಎದುರು ಬಂದಾಗ ಕೈ ತೋರಿಸಿದರು. ವಾಪಸು ಇಳಿಯುವಾಗ ಹೇಳಿದರು, "ಗಳು ಇಲ್ಲದೆ ಹೋಗ್ತದೆ ಅಂತ ನೋಡ್ಬೇಕಿತ್ತು. ಹೋಗ್ತದೆ."

ಮಾರನೆಯ ವಾರದಿಂದ ಅಜ್ಜ ದಡದ ಕಲ್ಲಿನ ಮೇಲೆ ಖಾಯಂ. ಅವರಿಗೆ ಹಾಯಿ ಗೊತ್ತಿಲ್ಲ, ಆದರೆ ನೀರು ಓದಲಿಕ್ಕೆ ಗೊತ್ತು. ದೂರದಲ್ಲಿ ನೀರಿನ ಮೈ ಕಪ್ಪಗೆ ಸುಕ್ಕುಗಟ್ಟಿ ಬಂದರೆ ಬೀಸು ಬರುತ್ತಿದೆ ಅಂತ ಲೆಕ್ಕ. ಅದನ್ನು ಕಂಡದ್ದೇ ತುಳುವಿನಲ್ಲಿ ಒಂದೇ ಕೂಗು, "ಬಳ್ಳ್ ಬುಡು!" ಹಗ್ಗ ಬಿಡು ಅಂತ. ನಿಘಂಟಿನ ಯಾವ ಶಬ್ದವೂ ನಮ್ಮ ಕೈಯನ್ನು ಅಷ್ಟು ಬೇಗ ಬಿಡಿಸಿದ್ದಿಲ್ಲ. ಅಂಟಿಸಿದ್ದ ಚೀಟಿಗಳನ್ನು ಆ ವರ್ಷ ಕಿತ್ತು ತೆಗೆದೆವು. ನಮ್ಮ ದೋಣಿಯಲ್ಲಿ ಈಗ ಒಬ್ಬರದ್ದೇ ಕೂಗು, ಒಂದೇ ಅಪ್ಪಣೆ.

ಅಜ್ಜನ ಪಕ್ಕದಲ್ಲಿ, ಕೈಯಲ್ಲಿ ಪುಸ್ತಕ ಹಿಡಿದು, ಮಗಳು ಬಂದು ಕೂರತೊಡಗಿದಳು. ನಾವು ನೋಡಿಯೂ ನೋಡದವರ ಹಾಗೆ ಇದ್ದೆವು. ಅಷ್ಟಾದರೂ ಕಲಿತಿದ್ದೆವು.

2024ರ ಏಪ್ರಿಲಿನಲ್ಲಿ, ಪರೀಕ್ಷೆ ಮುಗಿದ ಮೇಲೆ, ಊಟದ ಹೊತ್ತಿಗೆ ಅವಳೇ ಹೇಳಿದಳು. "ನಾನು ಹೋಗ್ತೇನೆ. ಅಜ್ಜ ಬರ್ಲಿ. ನೀವಿಬ್ಬರು ಬರ್ಬಾರ್ದು. ದಡದಲ್ಲಿ ನಿಂತು ಮಾತಾಡ್ಲಿಕ್ಕೂ ಇಲ್ಲ."

ಅಜ್ಜ ಯಾಕೆ ಅಂತ ಕೇಳಿದೆವು. "ಅಜ್ಜನಿಗೆ ಹಾಯಿ ಗೊತ್ತಿಲ್ಲ. ಕಲಿಸ್ಲಿಕ್ಕೆ ಬರುದಿಲ್ಲ" ಅಂದಳು.

ನಾವು ಒಂದೇ ಒಂದು ಷರತ್ತು ಹಾಕಿದೆವು. ಮೊದಲು ಮಗುಚುವುದನ್ನು ಕಲಿಯಬೇಕು. ಉಬ್ಬರ ತುಂಬಿ ನೀರು ನಿಂತ ಹೊತ್ತಿನಲ್ಲಿ, ಸೊಂಟಮಟ್ಟದ ನೀರಿನಲ್ಲಿ, ಬೇಕೆಂದೇ ದೋಣಿ ಮಗುಚಿದೆವು. ಹಾಯಿಯ ಅಡಿಗೆ ಹೋಗಿ ಬಟ್ಟೆ ತಳ್ಳುವುದು, ಅಂಚಿಗೆ ಬರುವುದು, ಬದಿಗೆ ಹೊರಳಿದ ದೋಣಿಯ ನಡುಹಲಗೆಯ ಮೇಲೆ ಹತ್ತಿ ನಿಂತು ಅದನ್ನು ಎಬ್ಬಿಸುವುದು, ಬಾಲ್ದಿಯಲ್ಲಿ ನೀರು ಚೆಲ್ಲುವುದು. ಮೊದಲ ಸಲ ಹಾಯಿಯ ಅಡಿಗೆ ಹೋದದ್ದು ನಾವು. ಒಬ್ಬರಾದ ಮೇಲೆ ಒಬ್ಬರು. ಆ ಕತ್ತಲೆ, ಮೂಗಿಗೆ ಅಂಟುವ ಒದ್ದೆ ಬಟ್ಟೆ... ಹನ್ನೊಂದು ವರ್ಷದ ಮಗುವಿಗೆ ಏನಾಗಿತ್ತು ಅಂತ ಆ ದಿನ ಗೊತ್ತಾಯಿತು. ಹೊರಗೆ ಬಂದು ನಾವು ಅವಳಿಗೆ ಹೇಳಿದ್ದು ಒಂದೇ ಮಾತು, ತಪ್ಪು ನಮ್ಮದು ಅಂತ. ಹದಿನೈದು ತಿಂಗಳ ಹಿಂದೆ ಹೇಳಬೇಕಾಗಿತ್ತು. "ಗೊತ್ತುಂಟು" ಅಂದಳು. ಮತ್ತೆ ಅವಳ ಸರದಿ. ಹತ್ತು ಸಲ ಮಗುಚಿ ಹತ್ತು ಸಲ ಎಬ್ಬಿಸಿದಳು.

ಮಾರನೆಯ ದಿನ ಅಜ್ಜನನ್ನು ಕೂರಿಸಿಕೊಂಡು ಹೋದಳು. ಇಬ್ಬರಿಗೂ ಜಾಕೆಟ್. ಅಜ್ಜ ಜಾಕೆಟ್ಟಿನ ಮೇಲೆ ಬೈರಾಸು ಹೊದ್ದಿದ್ದರು. ಮರುವಾಯಿಯವರ ದೋಣಿಗೆ ಸ್ವಲ್ಪ ಹತ್ತಿರದಲ್ಲೇ ಇರಲು ಹೇಳಿದ್ದೆವು, ಅದು ಅವಳಿಗೆ ಗೊತ್ತಿಲ್ಲ. ನಾವಿಬ್ಬರೂ ಅಜ್ಜನ ಕಲ್ಲಿನ ಮೇಲೆ ಕೂತೆವು. ತೋಟ ಮುಗಿಯುವಲ್ಲಿ, ಅದೇ ಜಾಗದಲ್ಲಿ, ನೀರು ಕಪ್ಪಾಗಿ ಸುಕ್ಕುಗಟ್ಟಿ ಬಂದದ್ದು ಇಬ್ಬರಿಗೂ ಕಂಡಿತು. ಒಬ್ಬರು ಇನ್ನೊಬ್ಬರ ಕೈ ಹಿಡಿದುಕೊಂಡೆವು, ಬಾಯಿಗೆ ಬಂದದ್ದನ್ನು ನುಂಗಿದೆವು. ದೋಣಿ ವಾಲಿತು. ಹಾಯಿ ಪಟಪಟ ಬಡಿಯಿತು. ಹಗ್ಗ ಬಿಟ್ಟಿದ್ದಳು. ದೋಣಿ ನೆಟ್ಟಗಾಯಿತು. ಮತ್ತೆ ನಿಧಾನವಾಗಿ ಎಳೆದುಕೊಂಡು ಮುಂದೆ ಹೋದಳು. ಅಜ್ಜನೂ ಕೂಗಿರಲಿಲ್ಲವಂತೆ.

ಈಗ ಮನೆಯಲ್ಲಿ ಜಗಳ ಸರದಿಯದ್ದು. ಮಗನಿಗೂ ಚುಕ್ಕಾಣಿ ಬೇಕು. ಅವನಿಗೆ ಹೇಳಿಕೊಡುವವಳು ಅಕ್ಕ. ಅವಳೂ ಟೀಚರ ಹಾಗೆ ಗದರುತ್ತಾಳೆ ಅಂತ ಅವನ ದೂರು ಬಂದಿದೆ, ವಿಚಾರಣೆಯಲ್ಲಿದೆ! ನಮ್ಮಿಬ್ಬರಿಗೆ ದೋಣಿ ಸಿಗುವುದು ಭಾನುವಾರ ಸಂಜೆ, ಮಕ್ಕಳು ಸುಸ್ತಾದ ಮೇಲೆ, ಗಾಳಿಯೂ ಸುಸ್ತಾದ ಮೇಲೆ. ಆಗ ಹಾಯಿ ಸೊರಗಿ ನಿಂತಿರುತ್ತದೆ, ಹುಟ್ಟು ಹಾಕಿಕೊಂಡು ಬರುತ್ತೇವೆ.

ಕಲ್ಲಿನ ಮೇಲಿಂದ ಅಜ್ಜ ಕೇಳುತ್ತಾರೆ, "ಎಲ್ಲಿಗೆ ಹೋದದ್ದು?"

"ಎಲ್ಲಿಗೂ ಇಲ್ಲ" ಅನ್ನುತ್ತೇವೆ. ಈಗ ನಾಚಿಕೆಯಾಗುವುದಿಲ್ಲ.